ಕಹಿ ತೆಗೆದ ಜರ್ದಾಳು ಬೀಜ

ಯಂತ್ರದ ಪರದೆಯ ಮೇಲೆ ಗೆರೆ ಏಳಲೇ ಇಲ್ಲ. ಕೆಮ್ಮಿನ ಔಷಧಿಗೆ ಹೋಗುವ ಜರ್ದಾಳು ಬೀಜದಲ್ಲಿ ಕಹಿಯ ಸತ್ವ ಇರಲೇಬೇಕು. ಮೂಲಿಕೆ ಅಂಗಡಿಯ ಹಾವೊ ಅಜ್ಜಿ ಪರೀಕ್ಷೆಗೆಂದು ಕೊಟ್ಟ ಬೀಜದಲ್ಲಿ ಅದು ಹೆಸರಿಗೂ ಇರಲಿಲ್ಲ. ಮತ್ತೊಮ್ಮೆ ಪುಡಿ ಮಾಡಿ, ಸೋಸಿ ಹಾಕಿದೆ. ಗೆರೆ ಜಪ್ಪಯ್ಯ ಅನ್ನಲಿಲ್ಲ.

ಯಾನ್‌ಶಾನ್ ಬೆಟ್ಟದ ಈ ಮೂಲಿಕೆ ಮಾರುಕಟ್ಟೆಗೆ ಪ್ರಯೋಗಾಲಯ ಬಂದದ್ದೇ ಈ ವರ್ಷ. ಅಲ್ಲಿಯವರೆಗೆ ಬೀಜವನ್ನು ಹಲ್ಲಿನಲ್ಲಿ ಕಚ್ಚಿ ನೋಡಿಯೇ ವ್ಯಾಪಾರ. ನಾನು ಆ ಪ್ರಯೋಗಾಲಯದ ಕೆಲಸಕ್ಕೆಂದು ದೂರದ ಗ್ವಾಂಗ್‌ಶಿಯಿಂದ ಬಂದವಳು. ನನ್ನ ಉಚ್ಚಾರಣೆ ಕೇಳಿ ಎಲ್ಲರೂ ನಕ್ಕರೆ, ಈ ಅಜ್ಜಿ ಮಾತ್ರ ನಗುತ್ತಲೇ ನವಣೆ ಗಂಜಿ ತಂದುಕೊಡುತ್ತಿದ್ದರು. ಅಂಥವರ ಮಾಲಿಗೆ ‘ಅನರ್ಹ’ ಎಂದು ಬರೆಯಲು ಮನಸ್ಸು ಬರಲಿಲ್ಲ. ಆದರೂ ಬರೆದೆ.

ಔಷಧಿ ಕಾರ್ಖಾನೆಗೆ ಖರೀದಿ ಮಾಡುವ ಗೆಂಗ್ ವರದಿ ಓದಿದವನೇ ಅಜ್ಜಿಯ ಅಂಗಡಿ ಮುಂದೆ ನಿಂತು ಗಂಟಲು ಹರಿದುಕೊಂಡ.

“ಏನಜ್ಜಿ, ಸತ್ವ ಹಿಂಡಿ ತೆಗೆದ ಚರಟನ ನಮ್ ತಲೆಗೆ ಕಟ್ತಿದ್ದೀರಾ?”

ಅಕ್ಕಪಕ್ಕದ ಅಂಗಡಿಯವರೆಲ್ಲ ಹೊರಗೆ ಬಂದರು. ಚರಟ ಮಾರುವವಳು ಎಂಬ ಹೆಸರು ಅಂಟಿಕೊಂಡರೆ ಆ ಬೀದಿಯಲ್ಲಿ ಯಾರೂ ಅವರ ಮೂಟೆ ಮುಟ್ಟುವುದಿಲ್ಲ. ಅಜ್ಜಿಯ ಮುಖ ಬಿಳಿಚಿಕೊಂಡಿತು.

“ಅಜ್ಜಿ, ನಂಗೆ ಕೊಟ್ಟ ಪೊಟ್ಟಣ ಈ ಮೂಟೆದೇ ತಾನೆ?” ಗಲಾಟೆ ಕೇಳಿ ಓಡಿಬಂದ ನಾನು ಕೇಳಿದೆ.

“ಇದೇ ಮೂಟೆದು ಕಣೇ. ದಿನಾ ನೀರು ಬದಲಾಯಿಸಿ ನೆನೆಸಿ, ಸಿಪ್ಪೆ ಸುಲಿದು, ಒಣಗಿಸಿ ಕೊಟ್ಟಿದ್ದೆ.”

“ನೆನೆಸಿದ್ರಾ? ಯಾಕೆ?”

“ಯಾಕೆ ಅಂತೀಯಲ್ಲೇ! ಹಸೀದು ನಾಲ್ಕು ಜಾಸ್ತಿ ತಿಂದ್ರೆ ಪ್ರಾಣಕ್ಕೇ ಕುತ್ತು. ನೆನೆಸಿದ್ರೆ ಕಹಿ ಜೊತೆ ವಿಷಾನೂ ಹೋಗುತ್ತೆ. ದಿನಾ ಊರೋರ ಬೀಜನೆಲ್ಲಾ ತಿಂದು ನೋಡೋಳು ನೀನು. ಬೇರೆಯೋರ ಮನೆ ಹೆಣ್ಮಗಳಿಗೆ ನಾನು ವಿಷ ಕೊಡ್ಲಾ?”

“ನಾನು ತಿನ್ನಲ್ಲ ಅಜ್ಜಿ, ಯಂತ್ರ ನೋಡುತ್ತೆ!”

“ಯಂತ್ರಕ್ಕೆ ನಾಲಿಗೆ ಎಲ್ಲಿದೆಯೇ?”

ಬೀದಿಯೆಲ್ಲ ನಕ್ಕಿತು. ಗೆಂಗ್ ನಗಲಿಲ್ಲ. “ಈಗ ಯಾರ್ ಬೇಕಾದ್ರೂ ಏನ್ ಕಥೆನಾದ್ರೂ ಕಟ್ತಾರೆ,” ಎಂದ.

ಸಿಪ್ಪೆ ಸುಲಿದ ಬೀಜವೂ ಔಷಧಿಗೆ ನಡೆಯುವುದರಿಂದ ಅಜ್ಜಿಯ ಪೊಟ್ಟಣ ನೋಡಿದಾಗ ನನಗೆ ಅನುಮಾನ ಬಂದಿರಲಿಲ್ಲ. ಈ ಸಲ ಗೆಂಗ್‌ನ ಎದುರಿಗೇ ಪ್ರತಿ ಮೂಟೆಯ ಮೇಲಿಂದ, ನಡುವಿನಿಂದ, ತಳದಿಂದ ನಾನೇ ಬೀಜ ತೆಗೆದೆ. ಅವನನ್ನೂ ಯಂತ್ರದ ಮುಂದೆ ಕೂರಿಸಿಕೊಂಡೆ. ಗೆರೆ ನಿಧಾನಕ್ಕೆ ಎದ್ದಿತು, ಆಮೇಲೆ ಬೇಕಾದ್ದಕ್ಕಿಂತ ಎಷ್ಟೋ ಮೇಲಕ್ಕೆ ಹೋಯಿತು. ಗೆಂಗ್ ಎದ್ದುಹೋಗಿ, ಕಿರುಚಾಡಿದ ಜಾಗದಲ್ಲೇ ನಿಂತು ಅಜ್ಜಿಗೆ ತಲೆಬಾಗಿದ. ಮೂಟೆಗಳನ್ನೂ ತಾನೇ ಗಾಡಿಗೆ ಏರಿಸಿದ.

ಅವನು ಹೋದ ಮೇಲೂ ಅಜ್ಜಿಯ ಮುಖ ಅರಳಲಿಲ್ಲ.

“ಹಾಗಾದ್ರೆ ನಾನು ಕೊಟ್ಟ ಬೀಜ?”

“ಪುಡಿ ಮಾಡಿ ಯಂತ್ರಕ್ಕೆ ಹಾಕ್ದೆ.”

“ಎಲ್ಲಾನೂ? ಒಂದನ್ನೂ ಬಾಯಿಗೆ ಹಾಕ್ಲಿಲ್ವಾ?”

ಗೆಂಗ್ ಚರಟ ಎಂದಾಗಲೂ ಆ ಕಣ್ಣು ಇಷ್ಟು ಸೋತಿರಲಿಲ್ಲ. ನನಗೆ ತಡೆಯಲಾಗಲಿಲ್ಲ.

“ಒಂದ್ ಹಿಡಿ ಎತ್ತಿಟ್ಕೊಂಡು ತಿಂದೆ ಅಜ್ಜಿ. ಉಪ್ಪು ಹದವಾಗಿತ್ತು.”

ಅಜ್ಜಿ ನನ್ನನ್ನೇ ದಿಟ್ಟಿಸಿದರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಉಪ್ಪೇ ಹಾಕಿರ್ಲಿಲ್ಲ ಕಣೇ ಹುಚ್ಚಿ! ಒಂದು ಸುಳ್ಳೂ ನೆಟ್ಟಗೆ ಹೇಳೋಕೆ ಬರಲ್ವಲ್ಲೇ ನಿಂಗೆ. ಇಂಥೋಳ ಕೈಲಿ ಪರೀಕ್ಷೆ ಇದ್ದಿದ್ದಕ್ಕೇ ನನ್ನ ಮರ್ಯಾದೆ ಉಳೀತು. ಕೈ ತೊಳ್ಕೊಂಡು ಬಾ, ಊಟ ಮಾಡು.”