ಮೇಜಿನ ಕೆಳಗಿನ ಕೈ

ನನ್ನ ಪೆನ್ಸಿಲ್ ಮಕ್ಕಳ ಹಾಳೆಯ ಮೇಲೆ ಓಡಾಡುವುದು ನಿಂತು ಆರು ವರ್ಷವಾಯಿತು. ಅದಕ್ಕೂ ಮೊದಲು ಹದಿಮೂರು ವರ್ಷ ಅದು ಎಲ್ಲೆಲ್ಲಿ ಮೂಗು ತೂರಿಸಿತ್ತೋ ನೆನೆದರೆ ನಗು ಬರುತ್ತದೆ, ಸ್ವಲ್ಪ ಸಿಟ್ಟೂ ಬರುತ್ತದೆ. ಚಿತ್ರಕಲೆಯ ತರಗತಿಯಲ್ಲಿ ಸಾಲು ಸಾಲಾಗಿ ನಡೆಯುತ್ತಾ, ಡೊಂಕು ಕಿಟಕಿ ಕಂಡರೆ ನೆಟ್ಟಗೆ ಮಾಡುತ್ತಿದ್ದೆ, ಕುದುರೆ ಕತ್ತೆಯಾಗಿದ್ದರೆ ಮತ್ತೆ ಕುದುರೆ ಮಾಡುತ್ತಿದ್ದೆ. ಮಕ್ಕಳು ಬೆನ್ನ ಹಿಂದೆ ನನ್ನನ್ನು ತಿದ್ದುಪಡಿ ಟೀಚರ್ ಎನ್ನುತ್ತಿದ್ದರು. ನಾನೋ, ಬಿರುದು ಸಿಕ್ಕವಳಂತೆ ಬೀಗುತ್ತಿದ್ದೆ. ವರ್ಷದ ಪ್ರದರ್ಶನದಲ್ಲಿ ನಮ್ಮ ಗೋಡೆಯ ಮುಂದೆಯೇ ಜನ ಹೆಚ್ಚು. ನಲವತ್ತು ಚಿತ್ರಗಳೂ ಒಂದೇ ತಾಯಿಯ ಮಕ್ಕಳಂತೆ ಇರುತ್ತಿದ್ದವು, ಯಾರೂ ಅದನ್ನು ತಪ್ಪು ಎನ್ನಲಿಲ್ಲ.

ಆ ಹದಿಮೂರನೇ ವರ್ಷ ಏಳನೇ ತರಗತಿಯಲ್ಲಿ ಟೈಲರ್ ಒಬ್ಬರ ಮಗಳಿದ್ದಳು. ಕಾಲರ್‌ನ ತುದಿಯಲ್ಲಿ ಸದಾ ನಾಲ್ಕೈದು ಗುಂಡುಸೂಜಿ ಚುಚ್ಚಿಕೊಂಡಿರುತ್ತಿದ್ದಳು, ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಗುಂಡುಸೂಜಿಯೇ. ಮಾತು ಕಡಿಮೆ, ಗೆರೆ ಗಟ್ಟಿ. ಅಂಥ ಕೈ ನನ್ನ ತರಗತಿಗೆ ಬಂದು ಎಷ್ಟೋ ವರ್ಷವಾಗಿತ್ತು. ಮನೆಯವರು ಕೆಲಸ ಮಾಡುವ ಜಾಗವನ್ನು ಬರೆಯಿರಿ ಎಂದಾಗ ಅವಳು ಅಪ್ಪನ ಅಂಗಡಿ ಬರೆದಳು. ಹಾಳೆಯ ಮೇಲ್ತುದಿಯಲ್ಲಿ ಚಾವಣಿಯಂತೆ ಒಂದು ಹಲಗೆ, ಅದರಿಂದ ಇಳಿದ ನಾಲ್ಕು ದಪ್ಪ ಕಂಬ, ಸುತ್ತ ಬರೀ ಪಾದ, ಚಪ್ಪಲಿ, ಬೂಟು. ಹಲಗೆಯ ಅಂಚಿನಿಂದ ಒಂದು ಕೈ ಮಾತ್ರ ಕೆಳಗೆ ಇಳಿಬಿದ್ದಿತ್ತು, ಅಂಗೈ ಬಿಚ್ಚಿಕೊಂಡು.

"ಇದೇನೇ ಇದು, ಮೇಜಾ ಮಂಟಪಾನಾ? ಅಪ್ಪನ ತಲೆ ಎಲ್ಲಿ ಹೋಯ್ತು?" ಎಂದೆ. ಇಡೀ ತರಗತಿ ನಕ್ಕಿತು. ಅವಳು ಬಾಯಿ ತೆರೆಯುವ ಮೊದಲೇ ನನ್ನ ರಬ್ಬರ್ ಕೆಲಸ ಶುರುಮಾಡಿತ್ತು. ಹತ್ತು ನಿಮಿಷದಲ್ಲಿ ಮೇಜು ಮೇಜಿನಂತಾಯಿತು. ಆ ಅನಾಥ ಕೈಯನ್ನು ಅಳಿಸಿ, ಮೇಜಿನ ಹಿಂದೆ ಕತ್ತರಿ ಹಿಡಿದು ನಗುವ ಅಪ್ಪನನ್ನು ನಿಲ್ಲಿಸಿದೆ. ಧಾರಾಳವಾಗಿ ಮೀಸೆಯನ್ನೂ ಕೊಟ್ಟೆ.

"ಚೆನ್ನಾಗಿದೆ ಟೀಚರ್," ಎಂದಳು ಅವಳು. "ನಮ್ಮಪ್ಪಂಗೆ ಮೀಸೆ ಇಲ್ಲ."

ಹಾಳೆಯನ್ನು ಅಲ್ಲೇ ಬಿಟ್ಟು ಹೋದಳು. ಮುಂದಿನ ಮೂರು ವಾರ ಖಾಲಿ ಹಾಳೆ ಕೊಟ್ಟಳು. ಕೇಳಿದರೆ, "ಹೇಗಿದ್ರೂ ಕೊನೇಲಿ ನೀವೇ ಬರೀತೀರಲ್ಲ ಟೀಚರ್" ಎಂದಳು. ನಾಲ್ಕನೇ ವಾರ ಮುಖ್ಯೋಪಾಧ್ಯಾಯರು ನನ್ನ ಮುಂದೆ ಒಂದು ಫಾರಂ ಇಟ್ಟರು. ಅವಳು ಚಿತ್ರಕಲೆ ಬಿಟ್ಟು ಕಂಪ್ಯೂಟರ್ ತರಗತಿಗೆ ಹೋಗುತ್ತಾಳಂತೆ. ನಾನು ಶುಕ್ರವಾರದೊಳಗೆ ಸಹಿ ಹಾಕಿದರೆ ಆಯಿತು, ಮತ್ತೆ ಅವಳು ಇತ್ತ ಬರುವ ಹಾಗಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಇಂಥ ಕೈಯನ್ನು ಕಳೆದುಕೊಳ್ಳುವುದೆಂದರೇನು! ಅಪ್ಪನಿಗೇ ನಾಲ್ಕು ಮಾತು ಹೇಳಿ ಬರೋಣವೆಂದು ಗುರುವಾರ ಶಾಲೆ ಬಿಟ್ಟೊಡನೆ ಫಾರಂ ಮಡಚಿಕೊಂಡು ಅಂಗಡಿಗೆ ಹೋದೆ. ಉದ್ದದ ಕೋಣೆ, ಮಧ್ಯೆ ಬಟ್ಟೆ ಕತ್ತರಿಸುವ ದೊಡ್ಡ ಮೇಜು. ಮೀಸೆಯಿಲ್ಲದ ಟೈಲರ್ ಕೋಟಿನ ಬಟ್ಟೆ ಹರಡಿಕೊಂಡು ನಿಂತಿದ್ದರು.

"ನಿಮ್ಮ ಮಗಳು ಎಲ್ಲಿ?" ಎಂದೆ, ಜಗಳಕ್ಕೆ ಬಂದವಳ ದನಿಯಲ್ಲಿ.

ಅವರು ಮೇಜಿನ ಕಡೆ ಬೆರಳು ತೋರಿಸಿದರು. "ಕೆಳಗಿದ್ದಾಳೆ ಮೇಡಂ. ಮೂರು ವರ್ಷದವಳಿದ್ದಾಗಿಂದ ಅದೇ ಅವಳ ಜಾಗ. ನೀವು ಬರೋದು ನೋಡಿ ಇನ್ನೂ ಒಳಗೆ ಸೇರ್ಕೊಂಡ್ಲು."

ಕರೆದರೆ ಬರಲಿಲ್ಲ. ಹಟದಲ್ಲಿ ನಾನೇನು ಕಡಿಮೆಯೇ? ಮಂಡಿ ಬೇಡ ಬೇಡವೆಂದರೂ ಸೀರೆ ಎತ್ತಿಕಟ್ಟಿ ಒಳಗೆ ತೂರಿದೆ. ಚಿಂದಿಬಟ್ಟೆಯ ರಾಶಿಯ ಮೇಲೆ ಅವಳು ಮುದುಡಿ ಕೂತಿದ್ದಳು. ಬೈಯಲೆಂದು ತಲೆ ಎತ್ತಿದೆ. ತಲೆಯ ಮೇಲೆ ಚಾವಣಿಯಂಥ ಹಲಗೆ. ನಾಲ್ಕು ದಪ್ಪ ಕಂಬ. ಸುತ್ತ ಗಿರಾಕಿಗಳ ಚಪ್ಪಲಿ, ಬೂಟು. ಅಷ್ಟರಲ್ಲಿ ಅಂಚಿನಿಂದ ಒಂದು ಕೈ ಕೆಳಗಿಳಿಯಿತು, ಅಂಗೈ ಬಿಚ್ಚಿಕೊಂಡು. ಗುಂಡುಸೂಜಿ ನೋಡದೆಯೇ ಅದರಲ್ಲಿ ಸೀಮೆಸುಣ್ಣದ ತುಂಡು ಇಟ್ಟಳು. ಆ ಕೈ ಅವಳ ತಲೆಯನ್ನೊಮ್ಮೆ ಸವರಿ ಮೇಲೆ ಹೋಯಿತು.

ನಾನು ಅಳಿಸಿದ್ದು ಆ ಕೈಯನ್ನು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಹದಿಮೂರು ವರ್ಷದಲ್ಲಿ ಇನ್ನೂ ಏನೇನು ಅಳಿಸಿದ್ದೇನೋ! ಆದರೆ ಕೂತು ಕೊರಗುವ ಜಾಯಮಾನ ನನ್ನದಲ್ಲ.

"ತಪ್ಪು ನಂದೇ ಕಣೇ. ನೀನು ಸರಿಯಾಗೇ ಬರೆದಿದ್ದೆ," ಎಂದೆ.

ತುರುಬಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದೆ. ಹಾಳೆ ಇರಲಿಲ್ಲ, ಫಾರಂ ಇತ್ತು. ಅದನ್ನು ಮಗುಚಿ, ಹಿಂಬದಿಯಲ್ಲಿ ಬರೆಯತೊಡಗಿದೆ. ಹಲಗೆ, ಕಂಬ, ಪಾದ, ಕೊನೆಗೆ ಆ ಕೈ. ಇಷ್ಟು ಕಷ್ಟಪಟ್ಟು ಬರೆದದ್ದು ಯಾವ ಕಾಲದಲ್ಲೋ. ಗುಂಡುಸೂಜಿ ಮೆಲ್ಲಗೆ ಹತ್ತಿರ ಸರಿದು ಕತ್ತು ಚಾಚಿದಳು.

"ಕೈ ತಪ್ಪಾಗಿದೆ ಟೀಚರ್."

"ಹೌದಾ? ತಗೋ, ತಿದ್ದು," ಎಂದು ಪೆನ್ಸಿಲ್ ಕೊಟ್ಟೆ.

ಅವಳು ತೆಗೆದುಕೊಂಡಳು. ನನ್ನ ಚಿತ್ರದ ಮೇಲೆ ಮೊನೆ ಊರುವಷ್ಟರಲ್ಲಿ ಕೈ ತಡೆದಳು. ಒಂದು ಗಳಿಗೆ ನನ್ನ ಮುಖ ನೋಡಿ, ಪೆನ್ಸಿಲನ್ನು ಮತ್ತೆ ನನ್ನ ಕೈಗೇ ಇಟ್ಟಳು.

"ಇದು ನಿಮ್ಮ ಚಿತ್ರ ಅಲ್ವಾ? ನೀವೇ ತಿದ್ದಿ. ಅದು ಸೀಮೆಸುಣ್ಣ ಕೇಳೋ ಕೈ. ಹೆಬ್ಬೆರಳು ಇಷ್ಟು ಬಿಗಿಯಾಗಿ ಇರಲ್ಲ."

ಪಾಠ ಮಾಡುವುದೆಂದರೆ ಏನೆಂದು ನನಗೆ ಹನ್ನೆರಡು ವರ್ಷದ ಹುಡುಗಿ ಎರಡು ಮಾತಿನಲ್ಲಿ ಹೇಳಿ ಮುಗಿಸಿದ್ದಳು. ಹೆಬ್ಬೆರಳು ಸಡಿಲ ಮಾಡಿದೆ. ಇನ್ನೂ ಬಿಗಿ ಎಂದಳು. ಮತ್ತೆ ಮಾಡಿದೆ. ಮೂರನೇ ಸಲಕ್ಕೆ, "ಹ್ಞಾಂ, ಈಗ ನಮ್ಮಪ್ಪ" ಎಂದಳು.

ಹಾಳೆಯನ್ನು ತಿರುಗಿಸಿದೆ. ಅತ್ತ ಕಡೆ ಅವಳ ಅರ್ಜಿ, ನನ್ನ ಸಹಿಗೆ ಬಿಟ್ಟ ಖಾಲಿ ಜಾಗ.

"ಫಾರಂ ಹಾಳಾಯ್ತು. ನಾಳೆ ಹೊಸದು ತರ್ಲಾ?"

ಗುಂಡುಸೂಜಿ ಕಾಲರ್‌ನಿಂದ ಒಂದು ಸೂಜಿ ಕಿತ್ತಳು. ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ಚಿತ್ರ ಕಾಣುವ ಹಾಗೆ ಮೇಜಿನ ಕಾಲಿಗೆ ಚುಚ್ಚಿದಳು.

"ಬೇಡ," ಎಂದಳು.