ಅಳಿಸಬಾರದ ಗೆರೆಗಳು

ಅವ್ವನ ಎದೆಯ ಮೇಲಿನ ನೇರಳೆ ಗೆರೆಗಳೆಂದರೆ ನನಗೆ ಜೀವಭಯ. ಆಪರೇಷನ್ ಆಗಿ ಒಂದು ಮೊಲೆ ತೆಗೆದ ಮೇಲೆ, ಮಣಿಪಾಲದ ಆಸ್ಪತ್ರೆಯಲ್ಲಿ ಕರೆಂಟ್, ಅಂದರೆ ರೇಡಿಯೇಷನ್, ಕೊಡುವುದಕ್ಕೆಂದು ಹಾಕಿದ ಗುರುತುಗಳವು. ನೀರು ಸೋಕಿಸಬೇಡಿ, ಅಳಿಸಿದರೆ ಮತ್ತೆ ಮೊದಲಿನಿಂದ ಅಳೆಯಬೇಕು ಎಂದಿದ್ದರು. ಬಾಡಿಗೆ ಕೋಣೆಯಲ್ಲಿ ಮೂರು ವಾರದಿಂದ ನಾನೇ ಒದ್ದೆ ಬಟ್ಟೆಯಲ್ಲಿ ಗೆರೆ ತಪ್ಪಿಸಿ ಅವಳ ಮೈ ಒರೆಸುತ್ತಿದ್ದೆ. ಅವಳು ಸ್ವಲ್ಪ ಅಲುಗಿದರೂ ಗದರುತ್ತಿದ್ದೆ. ಅಂಗನವಾಡಿ ಟೀಚರಿಗೆ ಗದರುವುದೊಂದೇ ಬರುವುದು ಎಂದು ಅಪ್ಪ ಆಡಿಕೊಳ್ಳುತ್ತಾನೆ. ಅದು ಸುಳ್ಳೇನಲ್ಲ.

ಇಪ್ಪತ್ತೈದು ಸಲದಲ್ಲಿ ಹದಿನೈದು ಮುಗಿದಿದ್ದವು. ಶನಿವಾರ ಅವ್ವ ಇನ್ನು ಸಾಕು ಎಂದಳು. ಕಂಕುಳು ಸುಟ್ಟು ಕಪ್ಪಾಗಿತ್ತು, ಊಟ ಸೇರುತ್ತಿರಲಿಲ್ಲ. ಆದರೆ ಅವಳ ಕಾರಣ ಅದಲ್ಲ.

"ಸಂತಿಯಾಗ ಯಾಪಾರಿ ಕೊಂಡ ಕುರಿಗೆ ಬಣ್ಣ ಬಳೀತಾನಲ್ಲ, ಹಂಗ ಐತಿ ಇದು. ಆ ಕುರಿ ಮತ್ತ ದೊಡ್ಡಿಗಿ ಬರಾಂಗಿಲ್ಲ."

ಸೋಮವಾರ ನಮ್ಮೂರು ಗುಡೇಕೋಟೆಗೆ ಹೊರಡುವುದೇ ಸೈ ಎಂದಳು. ಅದಕ್ಕೂ ಮೊದಲು ಸಮುದ್ರ ನೋಡಬೇಕು, ಅದರಲ್ಲಿ ಮುಳುಗಿ ಈ ಗೆರೆಗಳನ್ನು ತೊಳೆದುಕೊಳ್ಳಬೇಕು, ಆಮೇಲೆ ಅವಳನ್ನು ಆ ಮಷಿನ್ನಿನ ಕೆಳಗೆ ಯಾರು ಮಲಗಿಸುತ್ತಾರೋ ನೋಡೋಣ ಎಂದಳು. ನನಗೆ ಮೈಯೆಲ್ಲ ಉರಿಯಿತು. ಅಪ್ಪನಿಗೆ ಫೋನ್ ಮಾಡಿ ಕೂಗಾಡಿದೆ. ಅವನ ಹಿಂದೆ ಕುರಿಗಳ ಸದ್ದು ಕೇಳುತ್ತಿತ್ತು. ಕೊನೆಗೆ, ಅವಳು ಈವರೆಗೆ ಬಾಯಿ ಬಿಟ್ಟು ಏನನ್ನೂ ಕೇಳಿದವಳಲ್ಲ, ಸಮುದ್ರಕ್ಕೆ ಕರೆದುಕೊಂಡು ಹೋಗು ಎಂದ.

ಭಾನುವಾರ ಮಲ್ಪೆಗೆ ಹೋದೆವು. ಗುಂಡುಗಲ್ಲುಗಳ ನಡುವೆ ಕುರಿ ಕಾಯ್ದ ಅವ್ವ, ಕಣ್ಣಿಗೆ ಎಲ್ಲೂ ಏನೂ ಅಡ್ಡವಿಲ್ಲದ ಆ ನೀರನ್ನು ನೋಡುತ್ತ ನಿಂತೇ ಇದ್ದಳು. ಆಮೇಲೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡು ಮುಖ ಕಿವುಚಿ ನಕ್ಕಳು. ಕುರಿಗಳಿಗೆ ಉಪ್ಪು ತಿನ್ನಿಸುವುದಕ್ಕೆ ಅಪ್ಪ ಚೀಲ ಹೊರುತ್ತಾನಲ್ಲ, ಇಲ್ಲಿಗೇ ಹೊಡೆದುಕೊಂಡು ಬಂದರೆ ಮುಗಿಯಿತು ಎಂದಳು. ಚುರುಮುರಿ ಬೇಕೆಂದಳು, ಮರಳಲ್ಲಿ ಕೂತು ಅರ್ಧ ಪೊಟ್ಟಣ ತಿಂದಳು. ತಲೆಯ ಸೆರಗು ಗಾಳಿಗೆ ಜಾರಿದರೂ ಸರಿಪಡಿಸಿಕೊಳ್ಳಲಿಲ್ಲ. ಕೀಮೋಗೆ ಉದುರಿದ್ದ ಅವಳ ಕೂದಲು ಉಣ್ಣೆ ಕತ್ತರಿಸಿದ ಕುರಿಯ ಬೆನ್ನಿನಂತೆ ಈಗಷ್ಟೇ ಮೊಳೆಯುತ್ತಿತ್ತು. ಅಷ್ಟು ಖುಷಿಯಾಗಿ ಅವಳನ್ನು ನೋಡಿ ವರ್ಷವಾಗಿತ್ತು. ಗೆರೆ ತೊಳೆಯುವ ಮಾತನ್ನು ಮರೆತಿದ್ದಾಳೆ ಎಂದುಕೊಂಡೆ.

ಮರೆತಿರಲಿಲ್ಲ. ಎದ್ದು ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ನಾನು ಹಿಡಿದ ಕೈಯನ್ನು ಕೊಡವಿದಳು. ನೀರು ಮೊಣಕಾಲಿಗೆ ಬಂತು. ಊರಿಗೆಲ್ಲ ಗದರುವ ನಾನು ಬಾ ಅವ್ವಾ ಎಂದು ಗೋಗರೆದೆ.

ಅಷ್ಟರಲ್ಲಿ ದೊಡ್ಡದೊಂದು ಅಲೆ ಎದ್ದು ಬಂತು. ಅವ್ವ ಥಟ್ಟನೆ ಅದಕ್ಕೆ ಬೆನ್ನು ಕೊಟ್ಟಳು. ಎರಡೂ ಕೈಗಳನ್ನು ಎದೆಗೆ ಅಡ್ಡ ಹಿಡಿದು, ಮಳೆಯಲ್ಲಿ ಎಳೆಮರಿಯನ್ನು ಕಂಬಳಿಯೊಳಗೆ ಅವುಚಿಕೊಳ್ಳುವಂತೆ ಬಾಗಿದಳು. ಅಲೆ ಬೆನ್ನಿಗೆ ಬಡಿಯಿತು. ನಾನು ಓಡಿಹೋಗಿ ಹಿಡಿದುಕೊಂಡೆ.

ದಡಕ್ಕೆ ಬಂದು, ಜನರಿಗೆ ಬೆನ್ನು ಮಾಡಿ ಕೂತು, ಕುಪ್ಪಸದ ಕೊರಳನ್ನು ಸರಿಸಿದಳು.

"ಗೆರಿ ಅದಾವೇನು ನೋಡು."

ಭುಜದ ಹತ್ತಿರದ್ದೊಂದು ತುಸು ಮಸುಕಾಗಿತ್ತು. ಉಳಿದವು ಹಾಗೇ ಇದ್ದವು. ಇವೆ ಎಂದು ಹೇಳಲು ಹೋಗಿ ಅತ್ತುಬಿಟ್ಟೆ.

"ತೊಳಕಳ್ಳಾಕಂತನ ಇಳಿದಿದ್ದೆ," ಎಂದಳು ಅವ್ವ. "ಕೈ ತಾವ ಬಂದು ಮುಚ್ಚಿದ್ವು."

ಒದ್ದೆ ಸೆರಗಿನಿಂದ ನನ್ನ ಕಣ್ಣು ಒರೆಸಿದಳು. ಉಪ್ಪಿಗೆ ಕಣ್ಣು ಇನ್ನಷ್ಟು ಉರಿದವು. ನಾಳೆ ನಮ್ಮ ಪಾಳಿ ಎಷ್ಟು ಗಂಟೆಗೆ ಎಂದು ಕೇಳಿದಳು. ಹತ್ತೂವರೆಗೆ ಎಂದೆ.

"ನಿಮ್ಮಪ್ಪಗ ಫೋನ್ ಹಚ್ಚು," ಎಂದಳು. "ಇನ್ನ ಎರಡು ವಾರ ಕುರಿ ನೋಡ್ಕಳ್ಳಾಕ ಹೇಳು. ಆಮ್ಯಾಗ ನಾ ಬರ್ತೀನಿ."