ಊಟದ ಮೇಜಿನ ಪ್ರಧಾನಮಂತ್ರಿಗಳು

ನಮ್ಮ ಮನೆಗೆ ದಿನಾ ರಾತ್ರಿ ಊಟಕ್ಕೆ ಇಬ್ಬರು ಪ್ರಧಾನಮಂತ್ರಿಗಳು ಬರುತ್ತಿದ್ದರು. ಒಬ್ಬರು ಹಿಂದಿನವರು, ಇನ್ನೊಬ್ಬರು ಈಗಿನವರು. ಊಟದ ಹೊತ್ತಿನ ವಾದದಲ್ಲಿ ಹಿಂದಿನವರ ವಕೀಲರು ನಮ್ಮವರು, ನನ್ನ ಗಂಡ ಚನ್ನವೀರ. ಅವರ ಕಾಲದಲ್ಲೇ ಇವರಿಗೆ ವೀಸಾ ಸಿಕ್ಕಿತ್ತು, ಆ ಋಣ ಇನ್ನೂ ತೀರಿರಲಿಲ್ಲ. ಈಗಿನವರ ವಕೀಲರು ನನ್ನ ಮಾವ ನಾಗಲಿಂಗಪ್ಪನವರು. ಧಾರವಾಡದ ಬ್ಯಾಂಕಿನಲ್ಲಿ ನಿವೃತ್ತರಾಗಿ, ಅತ್ತೆ ತೀರಿಕೊಂಡ ಮೇಲೆ ಆಕ್ಲೆಂಡಿನ ಪಾಪಟೋಟೊಯಿಗೆ ನಮ್ಮ ಜೊತೆ ಇರಲು ಬಂದವರು. ನ್ಯೂಜಿಲೆಂಡಿನಲ್ಲಿ ಕೆಲಸವಿಲ್ಲದವರು ಕಡಿಮೆಯಾಗಿದ್ದಾರೆ ಎಂದು ಟೀವಿಯಲ್ಲಿ ಬಂದರೆ ಸಾಕು, ಅಪ್ಪ ಮಗ ಇಬ್ಬರೂ ತೋಳೇರಿಸುತ್ತಿದ್ದರು.

"ಹಿಂದಿನವ್ರು ಬಿತ್ತಿದ್ದನ್ನ ಈಗಿನವ್ರು ಉಣ್ಣಾಕತ್ತಾರ, ಅಪ್ಪಾ."

"ಹಂಗಾರ ಸಾಲ್ಯಾಗ ಮಾಸ್ತರ ಇಲ್ಲದ್ದೂ ಅವ್ರ ಬಿತ್ತಿದ್ದು, ಹೌದಿಲ್ಲೋ? ಕೆಲಸ ಸಿಕ್ರ ನಿಮ್ಮವ್ರ ಪುಣ್ಯಾ, ಮಾಸ್ತರ ಸಿಗಲಿಲ್ಲಂದ್ರ ನಮ್ಮವ್ರ ಪಾಪ. ಇದ್ಯಾವ ನ್ಯಾಯ ತಮ್ಮಾ?"

"ಒಂದು ವರ್ಷದಾಗ ಇವ್ರು ಏನ್ ಮಾಡ್ಯಾರ ಹೇಳ್ರಿ ಮತ್ತ!"

ಅದು ಎರಡು ಸಾವಿರದ ಹದಿನೆಂಟು. ಆಕ್ಲೆಂಡಿನ ಶಾಲೆಗಳಿಗೆ ಶಿಕ್ಷಕರು ಸಿಗುತ್ತಿಲ್ಲ ಎಂದು ಆ ವರ್ಷ ಎಲ್ಲಿ ನೋಡಿದರೂ ಸುದ್ದಿ. ನಾನು ಒಲೆಯ ಮುಂದೆ ರೊಟ್ಟಿ ತಟ್ಟುತ್ತ ಕೇಳುತ್ತಿದ್ದೆ. ಮಾಸ್ತರರೆಲ್ಲ ಎಲ್ಲಿ ಹೋದರು, ಯಾರು ಓಡಿಸಿದರು ಎಂದು ಇವರಿಬ್ಬರೂ ಮೇಜು ಕುಟ್ಟಿ ವಿಚಾರಿಸುತ್ತಿದ್ದರೆ, ಧಾರವಾಡದ ಹುಡುಗಿಯರ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಗಣಿತ ಕಲಿಸಿದ ನಾನು ಅವರ ಬೆನ್ನ ಹಿಂದೆಯೇ ನಿಂತಿದ್ದೆ. ಸಿಟ್ಟು ಬರಬೇಕೋ ಬೇಡವೋ ನೀವೇ ಹೇಳಿ.

ನಾನು ಆಗ ಏರ್‌ಪೋರ್ಟಿನ ಹತ್ತಿರ ವಿಮಾನದ ಊಟ ತಯಾರಿಸುವ ಅಡುಗೆಮನೆಯಲ್ಲಿದ್ದೆ. ತಲೆಗೆ ಬಲೆ, ಕೈಗೆ ಗ್ಲೌಸು. ಟ್ರೇಯಲ್ಲಿ ಬನ್ನು, ಬನ್ನಿನ ಪಕ್ಕ ಬೆಣ್ಣೆ, ಮುಂದಿನ ಟ್ರೇ. ಕೆಲಸ ಕೆಟ್ಟದ್ದೇನಲ್ಲ, ಜೊತೆಯವರೂ ಒಳ್ಳೆಯವರು. ಆದರೆ ಬನ್ನು ಯಾವತ್ತಾದರೂ ಮುಖ ಅರಳಿಸಿ "ಹಾಂ, ಈಗ ತಿಳೀತು" ಅನ್ನುತ್ತದೆಯೇ? ನನಗೆ ಆ ಮುಖ ಬೇಕಿತ್ತು. ಕಪ್ಪು ಹಲಗೆಯ ಕಡೆಯಿಂದ ತಿರುಗಿದಾಗ ಎಣ್ಣೆ ಹಚ್ಚಿದ ಎರಡು ಜಡೆಗಳ ನಡುವೆ ಒಮ್ಮೆಲೇ ಹೊಳೆಯುತ್ತಿದ್ದ ಆ ಮುಖ. "ಮಿಸ್, ಮಿಸ್" ಎಂದು ಬೆಂಚಿನ ಮೇಲೆ ಅರ್ಧ ಎದ್ದು ನಿಂತ ಕೈಗಳು. ಸೀರೆಯ ಸೆರಗಿಗೆಲ್ಲ ಹತ್ತಿಕೊಳ್ಳುತ್ತಿದ್ದ ಸೀಮೆಸುಣ್ಣಕ್ಕೆ ಆಗ ದಿನಾ ಬೈಯುತ್ತಿದ್ದೆ. ಇಲ್ಲಿ ಕೆಲಸದಿಂದ ಬಂದು ಬಟ್ಟೆ ಕೊಡವಿದರೆ ಏನೂ ಉದುರುವುದಿಲ್ಲ. ಇಲ್ಲಿ ಭಾರತದ ಅಂಗಡಿಯವನಿಂದ ಹಿಡಿದು ಪಕ್ಕದ ಮನೆಯ ಮಗುವಿನವರೆಗೆ ಎಲ್ಲರಿಗೂ ನಾನು ಆಂಟಿ.

ರೈಲಿಳಿದು ಮನೆಗೆ ಬರುವ ದಾರಿಯಲ್ಲಿ ಒಂದು ಹೈಸ್ಕೂಲು. ಬೇಲಿಗೆ ಹತ್ತಿಕೊಂಡೇ ಗಣಿತದ ಕೋಣೆ. ಅಲ್ಲಿ ಫೆಬ್ರವರಿಯಿಂದ ಕಾಯಂ ಶಿಕ್ಷಕರಿಲ್ಲ ಎಂದು ಪಕ್ಕದ ಮನೆಯ ನಿಧಿ ಹೇಳಿದ್ದಳು. ಅವಳ ತಂದೆ ತಾಯಿ ಬೆಂಗಳೂರಿನವರು, ಅವಳು ಹುಟ್ಟಿದ್ದು ಇಲ್ಲೇ, ಹನ್ನೊಂದನೆಯ ತರಗತಿ. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ.

"ಇವತ್ತ ಗಣಿತದಾಗ ಏನ್ ಮಾಡಿದ್ರಿ ನಿಧಿ?"

"ಮೂವೀ ನೋಡಿದ್ವಿ ಆಂಟಿ, ಅಗೇನ್" ಎನ್ನುವಷ್ಟು ಕನ್ನಡ ಎಲ್ಲೋ ಒಮ್ಮೆ ಬರುತ್ತಿತ್ತು.

ಬೇಲಿಯ ಹತ್ತಿರ ಬಂದಾಗ ನನ್ನ ಕಾಲು ತಾನಾಗಿಯೇ ನಿಧಾನವಾಗುತ್ತಿತ್ತು. ಕಿಟಕಿಯಲ್ಲಿ ಬಿಳಿ ಹಲಗೆ ಕಾಣುತ್ತಿತ್ತು, ಯಾವಾಗಲೂ ಖಾಲಿ.

ಹಾಗಾದರೆ ನನಗೇನು ಅಡ್ಡಿ? ನನ್ನ ಡಿಗ್ರಿಗಳನ್ನು ಇಲ್ಲಿಯವರು ಒಪ್ಪಿಯಾಗಿತ್ತು. ಇಲ್ಲಿ ಕಲಿಸಲು ಉಳಿದದ್ದು ಇಂಗ್ಲಿಷ್ ಪರೀಕ್ಷೆ. ಓದುವುದು, ಕೇಳುವುದು, ಮಾತಾಡುವುದು, ಬರೆಯುವುದು, ನಾಲ್ಕರಲ್ಲೂ ಒಂಬತ್ತಕ್ಕೆ ಏಳು ಬರಬೇಕು. ಮೂರರಲ್ಲಿ ಬಂತು. ಬರೆಯುವುದರಲ್ಲಿ ಆರೂವರೆ. ಮೊದಲ ಸಲ ಪ್ರಾಣಿ ಸಂಗ್ರಹಾಲಯಗಳು ಇರಬೇಕೋ ಬೇಡವೋ ಎಂದು ಕೇಳಿದ್ದರು. ಇದ್ದರೆ ಇರಲಿ, ನನಗೇನು? ಎರಡೂ ಕಡೆ ಬರೆದು ಕೈತೊಳೆದುಕೊಂಡಿದ್ದೆ.

ಎರಡನೆಯ ಸಲ ಪ್ರಶ್ನೆಪತ್ರಿಕೆ ತಿರುಗಿಸಿ ನೋಡಿದೆ, ಪರೀಕ್ಷೆಯ ಕೋಣೆ ಅನ್ನುವುದನ್ನೂ ಮರೆತು ನಕ್ಕುಬಿಟ್ಟೆ. ಮೇಲ್ವಿಚಾರಣೆಯ ಹೆಂಗಸು ಹುಬ್ಬೇರಿಸಿದಳು. ಪ್ರಶ್ನೆ ಹೀಗಿತ್ತು: ದೇಶದಲ್ಲಿ ಜನರಿಗೆ ಕೆಲಸ ಸಿಗದಿದ್ದರೆ, ಇಲ್ಲವೇ ಕೆಲಸಕ್ಕೆ ಜನ ಸಿಗದಿದ್ದರೆ, ದೇಶದ ನಾಯಕರನ್ನು ಹೊಣೆ ಮಾಡಬಹುದೇ? ಎರಡೂ ಕಡೆಯ ವಾದಗಳನ್ನು ಚರ್ಚಿಸಿ, ನಿಮ್ಮ ಅಭಿಪ್ರಾಯ ತಿಳಿಸಿ.

ಅಯ್ಯೋ ಶಿವನೇ, ಇದಕ್ಕೆ ನಾನು ಓದಬೇಕಿತ್ತೇ? ವರ್ಷವಿಡೀ ರೊಟ್ಟಿಯ ಜೊತೆ ಇದೇ ಪಾಠ ಆಗಿತ್ತಲ್ಲ! ನಮ್ಮವರ ವಾದ ಒಂದು ಪ್ಯಾರಾ: ಬೆಳೆ ಇವತ್ತು ಕೊಯ್ದವರದಲ್ಲ, ಹಿಂದೆ ಬಿತ್ತಿದವರದು, ಜಗತ್ತಿನ ಪೇಟೆ ಏರಿದರೂ ಇಳಿದರೂ ಕುರ್ಚಿಯಲ್ಲಿ ಕುಳಿತವರ ಕೈಯಲ್ಲಿ ಇರುವುದು ಬಹಳ ಕಡಿಮೆ. ಮಾವನವರ ವಾದ ಇನ್ನೊಂದು ಪ್ಯಾರಾ: ಒಳ್ಳೆಯದಕ್ಕೆ ಹಾರ ಹಾಕಿಸಿಕೊಳ್ಳುವವರು ಕೆಟ್ಟದ್ದಕ್ಕೂ ಕೊರಳು ಕೊಡಬೇಕು. ಪೆನ್ನು ಓಡಿದ್ದೇ ಓಡಿದ್ದು.

ಆಮೇಲೆ 'ನಿಮ್ಮ ಅಭಿಪ್ರಾಯ' ಎಂಬಲ್ಲಿಗೆ ಬಂದೆ. ಪೆನ್ನು ನಿಂತಿತು. ಒಂದು ವರ್ಷದಲ್ಲಿ ನಮ್ಮ ಊಟದ ಮೇಜಿನ ಸುತ್ತ ಯಾರೂ ನನ್ನನ್ನು ಕೇಳಿರದ ಪ್ರಶ್ನೆ ಅದು. ಬರೆದೆ: ಹೊಣೆ ಯಾರದು ಎಂದು ನನಗೆ ಗೊತ್ತಿಲ್ಲ. ನನ್ನ ಮನೆಯ ಹತ್ತಿರದ ಶಾಲೆಯಲ್ಲಿ ಗಣಿತದ ಶಿಕ್ಷಕರಿಲ್ಲ. ನಾನು ಗಣಿತದ ಶಿಕ್ಷಕಿ. ದಿನಾ ಆ ಶಾಲೆಯ ಬೇಲಿಯ ಈಚೆ ನಿಂತು ಖಾಲಿ ಹಲಗೆ ನೋಡಿ ಮನೆಗೆ ಹೋಗುತ್ತೇನೆ. ನನಗೆ ಕಲಿಸಬೇಕು ಅಂತ ಬಹಳ ಆಸೆ ಇದೆ. ಬರೆಯುತ್ತ ಕಣ್ಣು ಮಂಜಾಯಿತು, ಆದರೂ ನಿಲ್ಲಿಸಲಿಲ್ಲ. ಹೊರಗೆ ಬಂದಾಗ ಎಷ್ಟು ಹಗುರವಾಗಿತ್ತೆಂದರೆ, ರೈಲಿನಲ್ಲಿ ಅಪರಿಚಿತರನ್ನೆಲ್ಲ ನೋಡಿ ನಕ್ಕೆ.

ಫಲಿತಾಂಶ ಬಂತು. ಬರೆಯುವುದು, ಆರೂವರೆ.

ಪ್ರಶ್ನೆಗೆ ಉತ್ತರ ಬರೆಯುವ ಬದಲು ನನ್ನ ಗೋಳು ಬರೆದಿದ್ದೆನಲ್ಲ, ಅದಕ್ಕೇ ಇರಬೇಕು. ನಾನಾದರೂ ಆ ಉತ್ತರಕ್ಕೆ ಪೂರ್ತಿ ಅಂಕ ಕೊಡುತ್ತಿರಲಿಲ್ಲ. ಹಾಗೆಂದುಕೊಂಡೇ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಅವತ್ತು ಸಂಜೆ ಬೇಗ ಊಟಕ್ಕೆ ಕುಳಿತಿದ್ದೆವು. ಅಪ್ಪ ಮಗ ಇಬ್ಬರಿಗೂ ನನ್ನ ಮೇಲೆ ಕನಿಕರ. ಸುಮ್ಮನಿದ್ದಿದ್ದರೆ ಎಷ್ಟು ಚೆನ್ನಾಗಿತ್ತು!

"ಹೊರದೇಶದಿಂದ ಮಾಸ್ತರನ್ನ ಕರಸ್ತಾರಂತ. ಇಲ್ಲೇ ಇದ್ದಾಕೀನ ಬಿಟ್ಟು! ಇದು ನಿಮ್ಮವ್ರ ಶ್ಯಾಣೇತನ, ಅಪ್ಪಾ" ಎಂದರು ನಮ್ಮವರು.

"ಏಳು ಬೇಕು ಅಂತ ರೂಲ್ ಮಾಡಿದ್ದು ಯಾರ ಕಾಲದಾಗ? ನಿಮ್ಮವ್ರ ಕಾಲದಾಗ! ನಮ್ಮ ಸೊಸಿ ಸ್ನೇಹಲ್‌ಳ ಅರ್ಧ ಮಾರ್ಕ್ ತಿಂದವ್ರು ಅವ್ರ!"

ನನ್ನ ಅರ್ಧ ಅಂಕಕ್ಕೂ ಪ್ರಧಾನಮಂತ್ರಿಗಳೇ ಬೇಕಾಯಿತು. ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಬಾಗಿಲ ಗಂಟೆ ಸದ್ದು ಮಾಡಿತು. ನಿಧಿ ನಿಂತಿದ್ದಳು, ಅವಳ ಹಿಂದೆ ಇಬ್ಬರು ಸಹಪಾಠಿಗಳು. ಒಬ್ಬಳು ಟೊಂಗಾ ದ್ವೀಪದವರ ಹುಡುಗಿ ಮೆಲೆ, ಬಾಗಿಲು ತುಂಬುವಷ್ಟು ಎತ್ತರ, ರಗ್ಬಿ ಜಾಕೆಟ್ಟು. ಮುಂದಿನ ವಾರ ಪರೀಕ್ಷೆ, ಒಂದಕ್ಷರ ತಿಳಿದಿಲ್ಲ, ಆಂಟಿ ಸ್ವಲ್ಪ ಹೇಳಿಕೊಡುತ್ತಾರೇನೋ ಎಂದು ನಿಧಿ ಇಂಗ್ಲಿಷಿನಲ್ಲಿ ಗೊಣಗಿದಳು.

ನಾನು ಒಳಗೆ ತಿರುಗಿ ಹೇಳಿದೆ. "ಏಳ್ರಿ ಇಬ್ರೂ. ಮೇಜು ಬೇಕಾಗೇತಿ."

"ಅಲ್ಲ, ಊಟಾ..." ಎಂದರು ನಮ್ಮವರು.

"ತಾಟು ತೊಗೊಂಡು ಆ ಕಡೆ ಹೋಗ್ರಿ. ನಿಮ್ಮ ಪ್ರಧಾನಮಂತ್ರಿಗಳನ್ನೂ ಕರಕೊಂಡು ಹೋಗ್ರಿ. ಇಲ್ಲೆ ಕ್ಲಾಸ್ ಐತಿ."

ಮಾವನವರ ಎದುರು ಹಾಗೆ ಮಾತಾಡಿದ್ದು ಅದೇ ಮೊದಲು. ಅವರು ತಾಟು ಹಿಡಿದು ಎದ್ದರು.

ಮೇಜು ಒರೆಸಿದೆ. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಖಾಲಿ ಹಿಂಬದಿ ಕಾಣುವಂತೆ ಫ್ರಿಜ್ಜಿಗೆ ಅಂಟಿಸಿದೆ. ಅದರ ಮೇಲೆ ಅವರ ಪುಸ್ತಕದ ಒಂದು ಲೆಕ್ಕ ಬರೆದೆ. ಗುಣಿಸಿದರೆ ಆರು, ಕೂಡಿಸಿದರೆ ಐದು ಬರುವ ಎರಡು ಸಂಖ್ಯೆ ಯಾವುವು, ಅವನ್ನು ಮೊದಲು ಹುಡುಕಿ, ಉಳಿದದ್ದು ತಾನೇ ಬಿಚ್ಚಿಕೊಳ್ಳುತ್ತದೆ ಎಂದೆ. ನನ್ನ ಇಂಗ್ಲಿಷು ಆರೂವರೆಯದೋ ಏಳರದೋ, ಯಾರೂ ಕೇಳಲಿಲ್ಲ. ಮೊದಲು ನಿಧಿ ತಲೆಯಾಡಿಸಿದಳು. ಮೆಲೆ ಹುಬ್ಬು ಗಂಟಿಕ್ಕಿ ಪೆನ್ಸಿಲು ಕಚ್ಚುತ್ತಿದ್ದಳು. ನಾನು ಇನ್ನೊಂದು ಲೆಕ್ಕ ಬರೆದು ತಿರುಗಿದಾಗ ಅವಳ ಮುಖ ಅರಳಿತ್ತು. ಜಡೆಯಿಲ್ಲ, ಎಣ್ಣೆಯಿಲ್ಲ, ಆದರೆ ಅದೇ ಮುಖ.

ನಮ್ಮ ಊಟದ ಮೇಜಿನ ಮುಂದೆ ಕುಳಿತಿದ್ದರೂ ಅವಳು ಶಾಲೆಯಲ್ಲಿದ್ದ ಹಾಗೆ ಕೈ ಎತ್ತಿದಳು.

"ಮಿಸ್, ನೀವ್ಯಾಕೆ ನಮ್ಮ ಸ್ಕೂಲಿನಲ್ಲಿಲ್ಲ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಸೋಫಾದ ಮೇಲೆ ತಾಟು ಹಿಡಿದು ಕುಳಿತಿದ್ದ ಇಬ್ಬರೂ ವಕೀಲರು ತಲೆ ಎತ್ತಿದರು. ನಾನು ಅವರ ಕಡೆ ನೋಡಿದೆ. ಇಂಥ ಪ್ರಶ್ನೆಗೆ ವರ್ಷವಿಡೀ ಉತ್ತರ ಕೊಟ್ಟವರು! ನಮ್ಮವರು ರೊಟ್ಟಿ ಮುರಿಯತೊಡಗಿದರು. ಮಾವನವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸತೊಡಗಿದರು.

"ಏನಂದಿ? ಇನ್ನೊಮ್ಮೆ ಹೇಳು" ಎಂದೆ ಮೆಲೆಗೆ, ಅವಳ ಭಾಷೆಯಲ್ಲೇ.

ನನಗೆ ತಿಳಿಯಲಿಲ್ಲವೇನೋ ಎಂದುಕೊಂಡು ಪಾಪ, ಅವಳು ಬಿಡಿಸಿ ಬಿಡಿಸಿ ಇಡೀ ಪ್ರಶ್ನೆಯನ್ನು ಮತ್ತೆ ಕೇಳಿದಳು. ನಾನು ಆ ಮೊದಲ ಪದದಲ್ಲೇ, 'ಮಿಸ್' ಎಂಬಲ್ಲೇ ನಿಂತುಬಿಟ್ಟಿದ್ದೆ.